ಗುಬ್ಬಿಯಲ್ಲಿ ದ್ರಾಕ್ಷಿ ಕರೆದ ಪ್ರಸಂಗ

20 ಲೀಟರ್ ವೈನ್ ತುಂಬಿದ ಗಾಜಿನ ಜಾರು 25 ಕೆಜಿಗೆ ಕಡಿಮೆ ತೂಗುವುದಿಲ್ಲ. ಹಿಡಿಯಲು ಕಿವಿಯಿಲ್ಲ, ಮೈ ನುಣ್ಣಗೆ, ಕೈ ಒದ್ದೆಯಾಗಿದ್ದರೆ ಭಗವಂತನೇ ಗತಿ. ಆದರೂ ಅದನ್ನು ನೆಲದಿಂದ ಮೇಜಿನ ಮೇಲಕ್ಕೆ ಎತ್ತದೆ ವಿಧಿಯಿಲ್ಲ. ಹುಳಿಯುವುದು ನಿಂತು ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಜಾರಿಗೆ ಬಸಿದುಕೊಳ್ಳಬೇಕು. ಪೈಪಿನಲ್ಲಿ ತಾನಾಗಿ ಇಳಿಯಬೇಕಾದರೆ ತುಂಬಿದ್ದು ಮೇಲಿರಬೇಕು, ಖಾಲಿ ಕೆಳಗಿರಬೇಕು. ತಮಾಷೆಯೆಂದರೆ, ಎತ್ತುವ ಆ ಕುಲುಕಿಗೇ ವಾರಗಟ್ಟಲೆ ಕೂತಿದ್ದ ಗಸಿಯೆಲ್ಲ ಎದ್ದುಬಿಡುತ್ತದೆ. ಅದು ಮತ್ತೆ ಕೂರುವವರೆಗೆ ಎತ್ತಿದವರೂ ಸೊಂಟ ಹಿಡಿದುಕೊಂಡು ಕೂರಬಹುದು.

ಈ ಬರಹದ ಕರ್ತೃ ತುಮಕೂರಿನ ಎಸ್.ಎಸ್. ಪುರಂನ ನಿವೃತ್ತ ಫಿಸಿಕ್ಸ್ ಮೇಷ್ಟ್ರು. ‘ನಾನು’ ಎಂದು ಬರೆದುಕೊಂಡರೆ ನಾಳೆ ಯಾರಾದರೂ ಕಾಗದ ಹಿಡಿದು ಮನೆಗೆ ಬಂದಾರು ಎಂಬ ಮುಂಜಾಗ್ರತೆಯಿಂದ ಇಲ್ಲಿ ಬರಿಯ ‘ಮೇಷ್ಟ್ರು’ ಎಂದಿರಲಿ. ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆಯುವ ವಿದ್ಯೆ ಮೇಷ್ಟ್ರಿಗೆ ಬಜಾಜ್ ಚೇತಕ್ ಕಾಲದಲ್ಲೇ ಸಿದ್ಧಿಸಿತ್ತು. ಪೆಟ್ರೋಲಾದರೆ ನಾಲಗೆಗೆ ತಾಗಿದ ಕ್ಷಣ ಉಗಿದು ಪೈಪನ್ನು ಡಬ್ಬಕ್ಕೆ ಬಿಡುತ್ತಾರೆ. ವೈನಿನ ವಿಷಯದಲ್ಲಿ ಆ ಆತುರ ಹುಟ್ಟುವುದಿಲ್ಲ.

ಕಾಗದದ ಭಯ ಸುಮ್ಮನೆ ಬಂದದ್ದಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಸರ್ವಿಸ್ ಮುಗಿಸಿದ ಮೇಷ್ಟ್ರ ಹೆಂಡತಿ ಇದನ್ನು ಬೆಳಗಿನ ಕಾಫಿಯ ಜತೆ ಒಮ್ಮೆ, ರಾತ್ರಿ ಮಾತ್ರೆಯ ಜತೆ ಒಮ್ಮೆ ನೆನಪಿಸುತ್ತಾರೆ. ಮಡಿಕೇರಿಯ ಅಂಗಡಿಗಳಲ್ಲಿ ‘ಹೋಂ ಮೇಡ್ ವೈನ್’ ಬೋರ್ಡು ರಾಜಾರೋಷವಾಗಿ ನೇತಾಡುವುದಿಲ್ಲವೇ, ಕ್ರಿಸ್‌ಮಸ್ ಬಂತೆಂದರೆ ಬೆಂಗಳೂರು ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಚಕ್ಕೆ ಲವಂಗ ಜಾಡಿ ಸೇರುವುದಿಲ್ಲವೇ ಎಂದು ಮೇಷ್ಟ್ರು ವಾದಿಸಿದರು. ನಡೆಯಲಿಲ್ಲ. ಕೊನೆಗೆ ಇದು ವೈನೇ ಅಲ್ಲ, ದ್ರಾಕ್ಷಾರಿಷ್ಟದ ತಮ್ಮ ಎಂದರು. “ಅರಿಷ್ಟ ಅನ್ನೋದಂತೂ ನಿಜ” ಎಂದು ಆಕೆ ಒಳಗೆ ಹೋದರು.

ಅಮೆರಿಕದಲ್ಲಿರುವ ಸೋದರಳಿಯನಿಗೆ ಈ ಪೇಚಾಟವಿಲ್ಲ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಮೇಲೆ, ತೆರಿಗೆಯಿಲ್ಲದೆ ಸ್ವಂತಕ್ಕೆ ವೈನ್ ಮಾಡಿಕೊಳ್ಳಬಹುದು. ಅವನು ವ್ಯಾಕ್ಯೂಮ್ ಪಂಪ್ ಇಟ್ಟು ಜಾರಿನಿಂದ ಜಾರಿಗೆ ವೈನ್ ಹಾಯಿಸುವ ವಿಡಿಯೊ ಕಳಿಸಿದ. ಜಾರು ಎತ್ತಬೇಕಿಲ್ಲ, ಬಾಯಿ ಹಚ್ಚಬೇಕಿಲ್ಲ, ಎರಡೂ ಜಾರು ನೆಲದ ಮೇಲೇ. ಸ್ವಿಚ್ಚು ಒತ್ತಿದರೆ ಕೆಂಪು ಗೆರೆ ಪೈಪಿನಲ್ಲಿ ಓಡುತ್ತದೆ. ಕೆಳಗೆ ಪಂಪಿನ ಬೆಲೆಯನ್ನೂ ಹಾಕಿದ್ದ, ಡಾಲರಿನಲ್ಲಿ, ನಗುಮುಖದ ಚಿಹ್ನೆಯೊಂದಿಗೆ. ವಿದೇಶದಲ್ಲಿರುವ ಹುಡುಗರಿಗೆ ಬುದ್ಧಿ ಹೇಳುವ ಚಟ ಅಂಟುವುದು ಯಾವ ಗಳಿಗೆಯಲ್ಲೋ!

ಉಪಾಯವೇನೋ ಸರಳ. ಖಾಲಿ ಜಾರಿನ ಬಾಯಿಗೆ ಎರಡು ತೂತಿನ ರಬ್ಬರ್ ಬಿರಡೆ. ಒಂದು ತೂತಿನಿಂದ ಪಂಪಿಗೆ ಪೈಪು, ಇನ್ನೊಂದರಿಂದ ವೈನಿರುವ ಜಾರಿಗೆ ಪೈಪು. ಪಂಪು ಖಾಲಿ ಜಾರಿನ ಗಾಳಿ ತೆಗೆಯುತ್ತದೆ. ವೈನಿನ ಮೇಲೆ ಕೂತ ಹೊರಗಿನ ಗಾಳಿ ಅದನ್ನು ಪೈಪಿನೊಳಕ್ಕೆ ನೂಕುತ್ತದೆ. ವೈನ್ ಪಂಪನ್ನು ಮುಟ್ಟುವುದೇ ಇಲ್ಲ. ನೊರೆ ಉಕ್ಕಿ ಪಂಪಿನ ಹೊಟ್ಟೆ ಸೇರದಂತೆ ನಡುವೆ ಇನ್ನೊಂದು ಸಣ್ಣ ಬಾಟ್ಲಿ ಇದ್ದರಾಯಿತು. ನಿರ್ವಾತ ಏನನ್ನೂ ಎಳೆಯುವುದಿಲ್ಲ, ನೂಕುವುದು ಗಾಳಿಯೇ ಎಂದು ಮೇಷ್ಟ್ರು ಸರ್ವಿಸ್ ಪೂರ್ತಿ ಹುಡುಗರಿಗೆ ಪಾಠ ಹೇಳಿದ್ದವರು. ಜರ್ಮನಿಯ ಮಾಗ್ಡೆಬರ್ಗ್ ಊರಿನ ಮೇಯರ್ ಆಟೊ ಫಾನ್ ಗೆರಿಕ್ ಎರಡು ತಾಮ್ರದ ಅರೆಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, 1657ರಲ್ಲಿ 16 ಕುದುರೆ ಕಟ್ಟಿ ಎಳೆಸಿದರೂ ಅವು ಬಿಡಲಿಲ್ಲ ಎಂಬ ಕತೆಯನ್ನು ಕುಣಿಗಲ್ಲಿನ ಭಾವಮೈದನಿಗೂ ಹೇಳಿದ್ದರು. ಕುಣಿಗಲ್ ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಅಲ್ಲಿನ ಸ್ಟಡ್ ಫಾರ್ಮನ್ನು 1992ರಲ್ಲಿ ಗುತ್ತಿಗೆಗೆ ಹಿಡಿದದ್ದು ವಿಜಯ್ ಮಲ್ಯ ಅವರ ಯುಬಿ ಸಮೂಹ. ಮದ್ಯಕ್ಕೂ ಕುದುರೆಗೂ ಇರುವ ನಂಟನ್ನು ಕುಣಿಗಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾವಮೈದ ತಣ್ಣಗೆ ಅಂದ: “ಭಾವ, ಜರ್ಮನಿ ಕುದುರೆಗೆ ಹುರುಳಿ ಸಾಕಾಗಿರಲಿಲ್ಲ ಬಿಡಿ.”

ಮೊದಲ ಪಂಪು ಬಂದದ್ದು ಫ್ರಿಜ್ ರಿಪೇರಿ ಮಾಡುವ ಹುಡುಗನಿಂದ. ಗಾಜಿನ ಜಾರು ಒಂದೇ ಇದ್ದುದರಿಂದ ಮೇಷ್ಟ್ರು ಖಾಲಿ ಕಡೆಗೆ ನೀರಿನ ಪ್ಲಾಸ್ಟಿಕ್ ಕ್ಯಾನು ಇಟ್ಟರು. ಸ್ವಿಚ್ಚು ಹಾಕಿದ್ದೇ ತಡ, ಕ್ಯಾನು ದಢಾರನೆ ಒಳಕ್ಕೆ ಕುಸಿದು ಚಪ್ಪಟೆಯಾಯಿತು. ಎದುರುಮನೆಯವರು ಸಿಲಿಂಡರ್ ಎಂದುಕೊಂಡು ಬೀದಿಗೆ ಬಂದರು. ಆಲ್ಕೊಹಾಲಿನ ಆವಿ ಸೇರಿದರೆ ಪಂಪಿನ ಆಯಿಲ್ ಹಾಳು ಎಂದು ಹುಡುಗ ಪಂಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಕ್ಯಾನಿನ ಡಿಪಾಸಿಟ್ ಹೋಯಿತು. ಅಲ್ಲಿಗೆ ತುಮಕೂರಿನ ಅಧ್ಯಾಯ ಸಮಾಪ್ತಿ.

ಹೀಗಿರುವಾಗ ಮೇಷ್ಟ್ರಿಗೆ ಹೊಳೆದದ್ದು ಹಾಲು ಕರೆಯುವ ಮಿಷನ್.

ನಾಲ್ಕಾರು ಸೀಮೆಹಸು ಕಟ್ಟಿಕೊಂಡ ಮನೆಗಳಲ್ಲಿ ಈಗ ಅದು ಅಪರೂಪದ ವಸ್ತುವಲ್ಲ. ಬಿಡಿಸಿ ನೋಡಿದರೆ ಅಮೆರಿಕದ ಪಂಪಿನ ಅಣ್ಣನೇ ಸರಿ. ಮೋಟರು, ವ್ಯಾಕ್ಯೂಮ್ ಪಂಪು, ಗಡಿಯಾರದಂಥ ಒಂದು ಗೇಜು, ಗಟ್ಟಿ ಮುಚ್ಚಳದ ಸ್ಟೀಲ್ ಬಕೆಟ್ಟು, ಕೆಚ್ಚಲಿಗೆ ಹಾಕುವ ನಾಲ್ಕು ಕಪ್ಪು, ಜತೆಗೆ ನಿಮಿಷಕ್ಕೆ ಸುಮಾರು 60 ಸಲ ಟಿಕ್ ಟಿಕ್ ಎನ್ನುತ್ತ ಹಿಡಿದು ಬಿಡುವ ಪಲ್ಸೇಟರು. ಒಳಗಿನ ನಿರ್ವಾತ 40ರಿಂದ 50 ಕಿಲೊಪ್ಯಾಸ್ಕಲ್, ವಾತಾವರಣದ ಒತ್ತಡದ ಅರ್ಧಕ್ಕೆ ಹತ್ತಿರ. ದ್ರವವನ್ನು ನಾಲ್ಕು ಮೀಟರ್ ಎತ್ತಲು ಸಾಕು. ಮೇಷ್ಟ್ರಿಗೆ ಬೇಕಾದದ್ದು ಒಂದು ಮೊಳ. ಹಾಲು ಪಂಪನ್ನು ಮುಟ್ಟದೆ ನೇರ ಬಕೆಟ್ಟಿಗೆ ಬೀಳುತ್ತದೆ. ಸ್ಟೀಲಾದ್ದರಿಂದ ಚಪ್ಪಟೆಯಾಗುವ ಮಾತೂ ಇಲ್ಲ.

ಗುಬ್ಬಿಯಿಂದ ಚೇಳೂರಿಗೆ ಹೋಗುವ ದಾರಿಯಲ್ಲಿ ಹಳೇ ಶಿಷ್ಯನೊಬ್ಬನ ತೋಟದ ಮನೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಕೊಂಡ ಬೆಂಗಳೂರು ಬ್ಲೂ ದ್ರಾಕ್ಷಿಯ ವೈನು ಆಟೊದಲ್ಲಿ, ಹಳೇ ಕಂಬಳಿ ಹೊದ್ದು, ಮೇಷ್ಟ್ರ ತೊಡೆಗೊರಗಿ ಅಲ್ಲಿಗೆ ತಲುಪಿ, ದಾರಿಯ ಕುಲುಕಿಗೆ ಎದ್ದ ಗಸಿ ಮತ್ತೆ ಕೂರುವವರೆಗೆ ಕೊಟ್ಟಿಗೆಯ ಕಲ್ಲುಹಾಸಿನ ಮೇಲೇ ಕಾಯಿತು. ಶಿಷ್ಯ ಗುರುದಕ್ಷಿಣೆಯೆಂದು ತಿಳಿದು ಖುಷಿಯಿಂದ ಒಪ್ಪಿದ. ಬಸಿಯುವ ದಿನ ಅವನ ಹೆಂಡತಿ ಹೊಲಕ್ಕೆ ಹೋಗಿದ್ದರು. ಸಮಯ ಬೆಳಗಿನ ಹನ್ನೊಂದು.

ಕಪ್ಪುಗಳನ್ನು ಕಳಚಿ ಹಾಲಿನ ಪೈಪಿನ ತುದಿಗೆ ಗಾಜಿನ ಕೊಳವೆ ಸಿಕ್ಕಿಸಿ, ಗಸಿಗೆ ಎರಡು ಬೆರಳು ಮೇಲೆ ನಿಲ್ಲುವಂತೆ ಇಳಿಬಿಟ್ಟಾಯಿತು. ಮೇಷ್ಟ್ರು ಕೈಯೆತ್ತಿದರು. ಶಿಷ್ಯ ಸ್ವಿಚ್ಚು ಹಾಕಿದ. ಪಂಪು ಗುಂಯ್ ಎಂದಿತು, ಗೇಜಿನ ಮುಳ್ಳು ಏರಿತು, ಪಾರದರ್ಶಕ ಪೈಪಿನಲ್ಲಿ ನೇರಳೆ ಗೆರೆಯೊಂದು ಮೆಲ್ಲಗೆ ತಲೆಯೆತ್ತಿ, ಬಾಗಿ, ಬಕೆಟ್ಟಿಗೆ ಇಳಿಯತೊಡಗಿತು. ಗಸಿ ಅಲ್ಲಾಡಲಿಲ್ಲ. ಮೇಷ್ಟ್ರ ಕಣ್ಣು ತುಂಬಿ ಬಂತು.

ಆಗ ಬೆನ್ನ ಹಿಂದೆ ‘ಅಂಬಾ’ ಎಂದು ಕೇಳಿಸಿತು. ಮೆಲುಕು ಹಾಕುತ್ತ ಮಲಗಿದ್ದ ಹಸು ಎದ್ದು ನಿಂತಿತ್ತು. ಪಕ್ಕದ್ದೂ ಎದ್ದಿತು. ಆಮೇಲೆ ಕೊಟ್ಟಿಗೆಗೆ ಕೊಟ್ಟಿಗೆಯೇ ಎದ್ದು, ಸಾಲಾಗಿ ತಿರುಗಿ, ಮೇಷ್ಟ್ರನ್ನು ನೋಡತೊಡಗಿತು. ದಿನಾ ಎರಡು ಹೊತ್ತು ಪಂಪಿನ ಸದ್ದು ಕೇಳಿ ಹಾಲು ಕೊಟ್ಟು ರೂಢಿಯಾದ ಹಸುವಿಗೆ ಆ ಸದ್ದೇ ಕರು ಬಂದು ಗುದ್ದಿದ ಹಾಗೆ. ಮೆದುಳಿನಿಂದ ಆಕ್ಸಿಟೋಸಿನ್ ಹೊರಡುತ್ತದೆ, ನಿಮಿಷದೊಳಗೆ ಹಾಲು ಇಳಿಯುತ್ತದೆ; ಇಳಿದ ಮೇಲೆ ಐದಾರು ನಿಮಿಷದಲ್ಲಿ ಕರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸಬರನ್ನು ಕಂಡರೆ ಹಸು ಬೆದರಿ ಹಾಲು ಬಿಡುವುದಿಲ್ಲವೆಂದು ಪುಸ್ತಕದಲ್ಲಿದೆ. ಇವಕ್ಕೆ ಮೇಷ್ಟ್ರ ಮುಖದಲ್ಲಿ ಬೆದರುವಂಥದ್ದೇನೂ ಕಾಣಲಿಲ್ಲ. ಮೊದಲನೆಯದರ ಕೆಚ್ಚಲಿನಿಂದ ಹನಿ ಬಿತ್ತು. ಎರಡನೆಯದರಿಂದ ಸಣ್ಣ ಧಾರೆಯೇ ಶುರುವಾಯಿತು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಯಾರೂ ಕೇಳದೆ, ಗುಬ್ಬಿ ತಾಲ್ಲೂಕಿನ ಹಾಲು ಕಲ್ಲುಹಾಸಿನ ಮೇಲೆ ಹರಿಯತೊಡಗಿತು.

“ಸಾರ್, ಆಫ್ ಮಾಡ್ಲಾ?” ಎಂದ ಶಿಷ್ಯ.

ಮೇಷ್ಟ್ರು ಜಾರು ನೋಡಿದರು. ಅರ್ಧ ಖಾಲಿಯಾಗಿತ್ತು. ನಿಲ್ಲಿಸಿದರೆ ಗಾಳಿ ನುಗ್ಗುತ್ತದೆ, ಪೈಪಿನಲ್ಲಿದ್ದದ್ದು ಹಿಂದಕ್ಕೆ ಬಿದ್ದು ಗಸಿ ಕದಡುತ್ತದೆ. ಗಾಳಿ ಸೋಕಿದ ವೈನಿಗೆ ವಿನೆಗರ್ ಆಗುವ ಆಸೆ ಹುಟ್ಟುತ್ತದೆ. “ಇರಪ್ಪ, ಇನ್ನೊಂದೆರಡೇ ನಿಮಿಷ” ಎಂದರು. ಅಷ್ಟರಲ್ಲಿ ನಿರ್ವಾತ ತನ್ನ ಇನ್ನೊಂದು ಗುಣ ತೋರಿಸಿತು. ವೈನಿನಲ್ಲಿ ಕರಗಿದ್ದ ಕಾರ್ಬನ್ ಡೈ ಆಕ್ಸೈಡು ಒತ್ತಡ ಇಳಿದ ಕೂಡಲೇ ಎದ್ದು ಬರುತ್ತದೆ. ತಿಂಗಳುಗಟ್ಟಲೆ ಕಾದರೆ ಹೋಗುವ ಗ್ಯಾಸು ನಿಮಿಷಗಳಲ್ಲಿ ಹೋಗುವುದರಿಂದ ಬಲ್ಲವರು ಇದನ್ನು ಲಾಭವೆನ್ನುತ್ತಾರೆ. ಆದರೆ ಸ್ಟೀಲ್ ಬಕೆಟ್ಟಿನೊಳಗೆ ನೊರೆ ಎಷ್ಟು ಏರಿದೆಯೆಂದು ಕಾಣುವುದಿಲ್ಲ. ಪಲ್ಸೇಟರಿನ ಟಿಕ್ ಟಿಕ್ ಇದ್ದಕ್ಕಿದ್ದಂತೆ ಪಿಚಕ್ ಪಿಚಕ್ ಎಂದಿತು, ಅದರ ಮೂಗಿನಿಂದ ನೇರಳೆ ಗುಳ್ಳೆ ಹೊರಬಂತು. ಎಲ್ಲಕ್ಕಿಂತ ಹತ್ತಿರ ನಿಂತಿದ್ದ ಹಸು ಕತ್ತು ಚಾಚಿ ಆ ಗುಳ್ಳೆಯನ್ನು ನೆಕ್ಕಿ, ತಲೆಯಾಡಿಸಿತು. ಒಪ್ಪಿತೋ ಇಲ್ಲವೋ ತಿಳಿಯಲಿಲ್ಲ.

ಹೊಲದಿಂದ ಬಂದ ಮನೆಯಾಕೆ ಬಾಗಿಲಲ್ಲೇ ನಿಂತರು. ಎದುರಿಗೆ ಹಾಲಿನ ಕಾಲುವೆ, ನೇರಳೆ ನೊರೆ, ಗಂಡ, ಗಂಡನ ಮೇಷ್ಟ್ರು.

“ಇದ್ಯಾವ ಹೊತ್ತು ಸಾರ್ ಹಸ ಕರೆಯೋಕೆ? ಡೈರಿ ಬಾಗ್ಲು ಹಾಕ್ಕಂಡು ಹೋಗವ್ರೆ!” ಎಂದವರೇ ಸೆರಗು ಸಿಕ್ಕಿಸಿ ಪಾತ್ರೆ ಹಿಡಿದು ಕೂತರು. ಶಿಷ್ಯ ಇನ್ನೊಂದು ಹಸುವಿನ ಕೆಳಗೆ ಕೂತ. ಮಿಷನ್ ಬಂದಾಗಿನಿಂದ ಕೈಯಲ್ಲಿ ಕರೆದು ಅಭ್ಯಾಸ ತಪ್ಪಿದವನು ಅವನು. ಅಂದು ಮತ್ತೆ ಕಲಿತ. ಮೇಷ್ಟ್ರು ಒಂದು ಲೋಟ ಹಿಡಿದು ಹನಿಯುತ್ತಿದ್ದ ಕಡೆಯೆಲ್ಲ ಓಡಾಡಿದರು.

ಜಗಲಿಯಲ್ಲಿ ಕೂತಿದ್ದ ಶಿಷ್ಯನ ತಾಯಿ ಈ ಗದ್ದಲಕ್ಕೆಲ್ಲ ನಗುತ್ತಿದ್ದರು. ಬಕೆಟ್ಟಿನ ಮುಚ್ಚಳ ತೆಗೆದಾಗ ಘಮ ಅವರ ತನಕ ಹೋಯಿತು. ನಗು ನಿಂತಿತು. “ಈ ವಾಸ್ನೆ ನನಗೆ ಗೊತ್ತು ಕಣಪ್ಪ” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಅವರ ಯಜಮಾನರು ಸಾರಾಯಿಯಲ್ಲಿ ಮುಳುಗಿ ಹೋದವರು, 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಲ್ಲುವುದಕ್ಕೆ ಬಹಳ ಮುಂಚೆ. ಮೇಷ್ಟ್ರಿಗೆ 1981ರ ಜುಲೈ ನೆನಪಾಯಿತು; ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತ ತಿಂಗಳು. ಹೆಂಡತಿ ಓದಿ ಹೇಳುವ ಕಾಯ್ದೆಯ ಬಗ್ಗೆ ಮಾಡಿಕೊಂಡು ಬಂದಿದ್ದ ಜೋಕುಗಳಲ್ಲಿ ಒಂದೂ ಆ ಜಗಲಿಯ ಮೇಲೆ ಆಡುವಂಥದ್ದಾಗಿರಲಿಲ್ಲ. ಬಿಸಿನೀರು ತರಿಸಿ ಬಕೆಟ್ಟನ್ನು ತಾವೇ ತೊಳೆದರು.

ಉಳಿದ ಕೆಲಸ ಕುಣಿಗಲ್ಲಿನಲ್ಲಿ ಬೇಗ ಮುಗಿಯಿತು. ಗಡಸು ನೀರಿನ ನಮ್ಮ ಸೀಮೆಯಲ್ಲಿ ಆರ್‌ಒ ಯಂತ್ರದ ಬಿಡಿಭಾಗಕ್ಕೆ ಬರವಿಲ್ಲ; ಮೊದಲ ಹಂತದಲ್ಲಿ ಹಾಕುವ 5 ಮೈಕ್ರಾನಿನ ಬಿಳಿ ಫಿಲ್ಟರೇ ಸೋಸಲು ಸಾಕಾಯಿತು. ಯೀಸ್ಟಿನ ಕಣ 5ರಿಂದ 10 ಮೈಕ್ರಾನ್ ಇರುವುದರಿಂದ ಬಹುಪಾಲು ಅಲ್ಲೇ ಉಳಿಯುತ್ತದೆ. ಬಾಟ್ಲಿಗೆ ತುಂಬಲು ಭಾವಮೈದ ಸೈಕಲ್ ಪಂಪಿನ ವಾಷರನ್ನು ತಿರುಗಿಸಿ ಹಾಕಿ ಕೈಯಲ್ಲೇ ಗಾಳಿ ಎಳೆಯುವ ಹಾಗೆ ಮಾಡಿದ್ದ. ಬಾಟ್ಲಿಯ ಕತ್ತಿನವರೆಗೆ ವೈನ್ ಏರಿ ತಾನಾಗಿ ನಿಲ್ಲುವುದನ್ನು ನೋಡುವುದೇ ಒಂದು ಸೊಗಸು. ಗುಂಡಗಿನ ದಪ್ಪ ಗಾಜಿನ ಬಾಟ್ಲಿ ಮಾತ್ರ ಇಟ್ಟುಕೊಂಡರು. ಚಪ್ಪಟೆ ಬಾಟ್ಲಿ ನಿರ್ವಾತಕ್ಕೆ ಒಡೆಯಬಹುದು. ರುಚಿ? ಬೆಂಗಳೂರು ಬ್ಲೂನ ಆ ಜಾಮಿನಂಥ ಘಾಟು ಎಷ್ಟು ಸೋಸಿದರೂ ಹೋಗುವುದಿಲ್ಲ. ಗ್ಯಾಸಿಲ್ಲ, ಗಸಿಯಿಲ್ಲ, ಸ್ವಲ್ಪ ಹುಳಿ. ಭಾವಮೈದ ಎರಡನೇ ಲೋಟಕ್ಕೆ ಕೈ ಚಾಚಿದ್ದನ್ನು ಮೇಷ್ಟ್ರು ಪ್ರಶಸ್ತಿಯೆಂದೇ ಪರಿಗಣಿಸಿದ್ದಾರೆ.

ಗುಬ್ಬಿಯ ಕಡೆಯಿಂದ ಫೋನು ಬಂದದ್ದು ಮರುದಿನ. ಬಕೆಟ್ಟೇನೋ ತೊಳೆದಿದ್ದರು, ಪೈಪು ಬಣ್ಣ ಕುಡಿದುಕೊಂಡಿತ್ತು. ದ್ರಾಕ್ಷಿಯ ಬಣ್ಣ ಹುಳಿಯಲ್ಲಿ ಕೆಂಪು, ಹಾಲಿಗೆ ಸೇರಿದರೆ ನೀಲಿಗೆ ತಿರುಗುತ್ತದೆ. ಬೆಳಿಗ್ಗೆ ಕ್ಯಾನಿನಲ್ಲಿ ಹಾಲು ತೆಳ್ಳಗೆ ನೀಲಿ ಹೊಡೆದು, ಡೈರಿಯಲ್ಲಿ ನೀರು ಬೆರೆಸಿದ್ದಾರೆಂಬ ಗುಮಾನಿ ಎದ್ದು, ಸಾಲಿನಲ್ಲಿ ನಿಂತವರ ಎದುರಿಗೇ ಲ್ಯಾಕ್ಟೊಮೀಟರ್ ಇಳಿಬಿಟ್ಟು ನೋಡಿದ್ದರು. ಅಳತೆ ಸರಿಯಾಗೇ ಬಂತು. ಆದರೂ ಅವಮಾನ ಅವಮಾನವೇ.

ಆಂಥೊಸಯನಿನ್ ಬಗ್ಗೆ ಮೇಷ್ಟ್ರು ವಿವರಿಸಲು ಹೊರಟರು. ಆ ಹಾಲಿನ ದುಡ್ಡು ತಾವೇ ಕೊಡುವುದಾಗಿಯೂ ಹೇಳಿದರು. ಮನೆಯಾಕೆ ಪೂರ್ತಿ ಕೇಳಿಸಿಕೊಂಡರು.

“ದುಡ್ಡು ಬ್ಯಾಡ ಸಾರ್. ಮಿಷನ್ ಬೇಕಾದ್ರೆ ಇನ್ನೊಂದ್ ಸಲ ತಗಳಿ. ಪೈಪು ಮಾತ್ರ ನಿಮ್ದೇ ತನ್ನಿ. ಬರೋದಾದ್ರೆ ಬೆಳಿಗ್ಗೆ ಆರಕ್ಕೆ ಬಂದ್ಬುಡಿ, ಹಸ ಕರೆಯೋ ಹೊತ್ಗೆ. ಅತ್ತೆ ಏಳೋಕ್ ಮುಂಚೆ ಮುಗಿಸ್ಕಂಡ್ ಹೋಗ್ಬೇಕು.”