ಉಪ್ಪಿಲ್ಲದ ಎಣ್ಣೆ

ಪುಣೆಯ ಕೊಂಢವಾದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಒಂದು ದಿನ ಮೂರನೆಯ ಮಹಡಿಯ ಬಿಜಾಪುರದವರು ಸಿಕ್ಕರು. ಇಡೀ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ. ಹಾಗಾಗಿ ಸಿಕ್ಕಾಗ ಬಾಕಿ ವಸೂಲಿಗೆ ಬಂದವರಂತೆ ಮಾತಾಡುತ್ತೇವೆ.

"ಯಾಕ್ರೀ, ಮಾರಿ ಸಪ್ಪಗ ಮಾಡೀರಿ?"

"ಎಣ್ಣಿ ತಪ್ಪಾತು ನೋಡ್ರಿ. ತುಟ್ಟೀದು ತಂದಿದ್ದೆ, ಹೊಂದಲಿಲ್ಲ."

ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ಈ ವಯಸ್ಸಿನಾಗ ಬ್ರ್ಯಾಂಡ್ ಬದಲಿ ಮಾಡಬಾರದ್ರಿ" ಎಂದರು. ನಾನು ಹೇಳಿದ್ದು ಕಾರಿನ ಎಣ್ಣೆ ಎಂದು ತಿಳಿಸುವಷ್ಟರಲ್ಲಿ ಅವರು ಇಳಿದು, ಬಾಗಿಲು ಮುಚ್ಚಿತ್ತು.

ಕಾರು ಅಪ್ಪನದು. ವರ್ಷಗಟ್ಟಲೆ ಕಾದು 1984ರಲ್ಲಿ ಪಡೆದ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಮುಂಬೈಯ ಕುರ್ಲಾದ ಕಾರ್ಖಾನೆಗೆ ಬಂದು, 1974ರಲ್ಲಿ ಪದ್ಮಿನಿ ಎಂದು ನಾಮಕರಣ ಮಾಡಿಸಿಕೊಂಡರೂ ನಮ್ಮ ಧಾರವಾಡದಲ್ಲಿ ಅದು ಕೊನೆತನಕ 'ಫಿಯಾಟು' ಆಗಿಯೇ ಇತ್ತು. 1089 ಸಿ.ಸಿ. ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಅಪ್ಪ ಹೋದ ಮೇಲೆ ಅದು ನನ್ನ ಜೊತೆ ಪುಣೆಗೆ ಬಂತು.

2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟವು. ಪೇಪರ್ ಓದಿ ಹೆಂಡತಿ, "ಮುಂಬೈದವರಿಗೂ ಬ್ಯಾಡಾತು. ನಮಗೆ ಯಾವಾಗ ಬ್ಯಾಡಾಗತದ?" ಎಂದಳು. ನನಗೆ ಕರುಳು ಚುರ್ರೆಂದಿತು. ಆ ಮಮಕಾರದಲ್ಲೇ ಹೋಗಿ ಅಂಗಡಿಯಲ್ಲಿದ್ದ ಅತ್ಯಂತ ತುಟ್ಟಿಯ ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಎಣ್ಣೆ ತಂದು ಕುಡಿಸಿದೆ. ಡಬ್ಬಿಯ ಮೇಲೆ ರೇಸ್ ಕಾರಿನ ಚಿತ್ರವಿತ್ತು. ಪದ್ಮಿನಿಗೂ ಒಮ್ಮೆ ಆ ಭಾಗ್ಯ ಬರಲಿ ಅಂದುಕೊಂಡೆ.

ಬಂದದ್ದು ಸದ್ದು. ಎಂಜಿನ್ನಿನೊಳಗೆ ಯಾರೋ ಕೂತು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಿರುವಂತೆ ಕಟ್, ಕಟ್, ಕಟ್. ಏರು ಬಂದರೆ ಗಾಡಿಗೆ ಏದುಸಿರು.

ಕೊಂಢವಾ ಖುರ್ದಿನ ಗಲ್ಲಿಯಲ್ಲಿ ಒಬ್ಬ ಚಾಚಾ ಇದ್ದಾರೆ, ಗುಲಬರ್ಗಾ ಮೂಲದವರು. ರಾಕರ್ ಕವರ್ ತೆಗೆದು ಎಂಜಿನ್ ತಿರುಗಿಸಿದರು. ಎಂಟು ರಾಕರ್‌ಗಳಲ್ಲಿ ಏಳು ಮನಸಾರೆ ಕುಣಿಯುತ್ತಿದ್ದವು. ಎಂಟನೆಯದು, ಬೀಗರ ಮಗಳ ಹಾಡಿಗೆ ತಲೆದೂಗುವವರ ಹಾಗೆ, ಮರ್ಯಾದೆಗಷ್ಟೇ ಅಲ್ಲಾಡುತ್ತಿತ್ತು.

"ಕ್ಯಾಮ್ ಸವೆದದ ಸಾಹೇಬ್ರ. ಏನ್ ಎಣ್ಣಿ ಹಾಕೀರಿ?"

ಹೆಮ್ಮೆಯಿಂದ ಹೇಳಿದೆ. ಚಾಚಾ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಹೆಬ್ಬೆರಳಿಗೆ ತೀಡಿಕೊಂಡು ಬಿಸಿಲಿಗೆ ಹಿಡಿದರು. ಕರಿ ಎಣ್ಣೆಯಲ್ಲಿ ಕುಂಕುಮದ ಪುಡಿಗಿಂತ ಸಣ್ಣಗೆ ಏನೋ ಮಿನುಗಿತು. ಅಪ್ಪನ ಎಂಜಿನ್ನಿನ ಕಬ್ಬಿಣ.

ಕ್ಯಾಮ್‌ಶಾಫ್ಟ್ ಎಂದರೆ ಎಂಟು ಉಬ್ಬುಗಳಿರುವ ಕಬ್ಬಿಣದ ದಂಡ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಇದು ಒಂದು. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಅದು ಕಡ್ಡಿಯನ್ನು, ಕಡ್ಡಿ ರಾಕರನ್ನು, ರಾಕರ್ ವಾಲ್ವನ್ನು. ಸರಕಾರಿ ಕಚೇರಿಯಲ್ಲಿ ಕಡತ ಮುಂದಕ್ಕೆ ಹೋದಂತೆ. ಈಗಿನ ಎಷ್ಟೋ ಕಾರುಗಳಲ್ಲಿ ನಡುವೆ ಉರುಳುವ ರೋಲರ್ ಇರುತ್ತದೆ. ನಮ್ಮದರಲ್ಲಿ ಉಬ್ಬು ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡೇ ಹೋಗಬೇಕು. ಸ್ಪ್ರಿಂಗಿನ ಒತ್ತಡವೆಲ್ಲ ಸಣ್ಣದೊಂದು ಗೆರೆಯ ಮೇಲೆ ಬಿದ್ದು, ಅಲ್ಲಿ ಎಣ್ಣೆಯ ಪೊರೆ ಹರಿಯುತ್ತದೆ. ಆಗ ಕೈ ಹಿಡಿಯುವುದು ಎಣ್ಣೆಯಲ್ಲಿ ಬೆರೆಸಿರುವ ಸತು-ರಂಜಕದ ಸಂಯುಕ್ತ. ಬಿಸಿ ತಾಗಿದೊಡನೆ ಅದು ಲೋಹದ ಮೇಲೆ ಗಾಜಿನಂಥ ಪದರ ಕಟ್ಟಿ, ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ನಾನು ಕುಡಿಸಿದ ತುಟ್ಟಿ ಎಣ್ಣೆಯಲ್ಲಿ ಇದೇ ಸಂಯುಕ್ತ ಕಡಿಮೆ. ಯಾಕೆ? ಮನೆಯಲ್ಲಿ ಮಾವನವರಿಗೆ ಬಿಪಿ ಬಂದರೆ ಎಲ್ಲರ ತಾಟಿಗೂ ಸಪ್ಪೆ ಸಾರು ಬೀಳುತ್ತದಲ್ಲ, ಅದೇ ಕಥೆ. ಹೊಸ ಕಾರುಗಳಲ್ಲಿ ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. 1995ರಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು. ಅದಕ್ಕೆ ರಂಜಕ ಆಗಿಬರುವುದಿಲ್ಲ. ಆದ್ದರಿಂದ 5ಡಬ್ಲ್ಯೂ-30ರಂಥ ತೆಳು ಎಣ್ಣೆಗಳಲ್ಲಿ ರಂಜಕದ ಮಿತಿಯನ್ನು ಶೇ. 0.08ಕ್ಕೆ ಇಳಿಸಿದರು. ತನಗಿಲ್ಲದ ಅಂಗದ ಕಾಯಿಲೆಗಾಗಿ ನನ್ನ ಪದ್ಮಿನಿ ಪಥ್ಯ ಮಾಡಿತು.

"ಎಲ್ಲಾ ಎಣ್ಣಿ ಮ್ಯಾಗ ಹಾಕಬ್ಯಾಡ್ರಿ," ಎಂದರು ಚಾಚಾ. "ಗಾಡಿ ಶುರು ಮಾಡಿ ನಿಂತಲ್ಲೇ ಬಿಡತೀರೇನು?"

ಬಿಡುತ್ತೇನೆ. ಭಾನುವಾರ ಗಾಡಿ ಶುರು ಮಾಡಿ, ಹತ್ತು ನಿಮಿಷ ಗುರುಗುಟ್ಟಲು ಬಿಟ್ಟು, ಪಕ್ಕದಲ್ಲಿ ನಿಂತು ಚಹಾ ಕುಡಿಯುವುದೇ ನನ್ನ ವಾರದ ಪೂಜೆ. ಕ್ಯಾಮಿನ ಉಬ್ಬುಗಳಿಗೆ ಎಣ್ಣೆ ಸಿಗುವುದು ಬಹುಮಟ್ಟಿಗೆ ಕ್ರ್ಯಾಂಕ್ ತಿರುಗುವಾಗ ಸಿಡಿಯುವ ಹನಿಗಳಿಂದ. ಎಂಜಿನ್ ಮೆಲ್ಲಗೆ ತಿರುಗಿದರೆ ಸಿಡಿತವೂ ಕಡಿಮೆ. ನಾನು ಪೂಜೆ ಮಾಡುತ್ತಿದ್ದೆ, ಒಳಗೆ ಕ್ಯಾಮ್ ಉಪವಾಸ.

ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಎರಡು ದಿನ ಅಲೆದು ಕ್ಯಾಮ್‌ಶಾಫ್ಟ್ ತಂದೆ. ಹಳೇ ಟ್ಯಾಪೆಟ್ಟುಗಳು ಚೆನ್ನಾಗಿಯೇ ಕಂಡವು. ಚಾಚಾ ಒಪ್ಪಲಿಲ್ಲ. ಪ್ರತಿ ಟ್ಯಾಪೆಟ್ಟೂ ತನ್ನ ಹಳೇ ಉಬ್ಬಿಗೆ ತಕ್ಕಂತೆ ಸವೆದಿರುತ್ತದೆ, ಹೊಸದನ್ನು ತಿಂದುಹಾಕುತ್ತದೆ. ಹಳೇ ಅತ್ತೆಯ ಎದುರು ಹೊಸ ಸೊಸೆಯನ್ನು ನಿಲ್ಲಿಸಿದಂತೆ. ಎಂಟೂ ಹೊಸವೇ ಬಂದವು.

ಜೋಡಿಸಿದ ಮೇಲೆ ಇನ್ನೊಂದು ಶಾಸ್ತ್ರ: ಮೊದಲ ಸಲ ಶುರುವಾದೊಡನೆ ಇಪ್ಪತ್ತು ನಿಮಿಷ, ನಿಮಿಷಕ್ಕೆ ಎರಡು ಸಾವಿರ ಸುತ್ತಿಗೆ ಕಡಿಮೆಯಾಗದಂತೆ ಓಡಿಸಬೇಕು. ಗಲ್ಲಿಯ ಜನವೆಲ್ಲ ಹೊರಗೆ ಬಂದರು. ಚಹಾ ಅಂಗಡಿಯವನು ಗ್ಲಾಸುಗಳನ್ನು ಒಳಗೆ ಎತ್ತಿಟ್ಟ. ಇಪ್ಪತ್ತೂ ನಿಮಿಷ ಚಾಚಾ ಕಣ್ಣು ಮುಚ್ಚಿ ಸಂಗೀತ ಕೇಳುವವರಂತೆ ನಿಂತಿದ್ದರು.

ಈಗ ಹಾಕುತ್ತಿರುವುದು 20ಡಬ್ಲ್ಯೂ-50. ಇಂಥ ದಪ್ಪ ಎಣ್ಣೆಗೆ ರಂಜಕದ ಆ ಮಿತಿ ಅನ್ವಯಿಸುವುದಿಲ್ಲ. ಬೆಲೆ ಮೊದಲಿನದಕ್ಕಿಂತ ಎಷ್ಟೋ ಕಡಿಮೆ. ಮೇಲಿಂದ ಆ ಸತುವಿನ, ಅಂದರೆ ಜಿಂಕಿನ, ಬಾಟಲಿ ಸುರಿಯೋಣವೇ ಎಂದು ಕೇಳಿದ್ದಕ್ಕೆ ಚಾಚಾ ಬೈದರು: ಹೆಚ್ಚಾದರೆ ಅದೇ ಲೋಹ ತಿನ್ನುತ್ತದಂತೆ. ಹೆಂಡತಿ ಒಂದೇ ಮಾತು ಹೇಳಿದಳು: "ಕೋವಿಡ್‌ದಾಗ ತಂದ ಜಿಂಕ್ ಗುಳಿಗಿ ನಾಲ್ಕು ಉಳದಾವ. ಬೇಕಿದ್ರ ನೀವು ನುಂಗ್ರಿ."

ಹಳೇ ಕಾರಿರುವವರು ಡಬ್ಬಿಯ ಮುಂದಿನ ಚಿತ್ರ ನೋಡದೆ ಹಿಂದಿನ ಸಣ್ಣಕ್ಷರ ಓದಿ. ಗಾಡಿ ಶುರು ಮಾಡಿದ ಮೇಲೆ ಮೆಲ್ಲಗೆ ಓಡಿಸುತ್ತಲೇ ಬೆಚ್ಚಗಾಗಿಸಿ. ಲಿಫ್ಟಿನಲ್ಲಿ ಮಾತ್ರ ಮರೆಯದೆ 'ಎಂಜಿನ್ ಆಯಿಲ್' ಎಂದೇ ಹೇಳಿ.