ಎದುರು ಮೇಳ ಬೇಕಾಗಿದೆ

ನಮ್ಮ ಕಲಘಟಗಿ ಸೀಮೆಯ ತಂಬೂರ ಕೆರೆಗೆ ಈಗೀಗ ಕೊಕ್ಕರೆಗಿಂತ ಡ್ರೋನ್‌ಗಳೇ ಹೆಚ್ಚು ಬರುತ್ತಿವೆ. ಕೆಳಗೆ ಏರಿಯ ಮೇಲೆ ಕಪ್ಪು ಕನ್ನಡಕದ ನಾಲ್ಕು ಹುಡುಗರು, ಯಾರದೋ ಮಾವನ ಥಾರ್ ಗಾಡಿ, ಪಕ್ಕದಲ್ಲೊಂದು ಎಮ್ಮೆ. ನಟಿಸದೆ ನಿಂತಿರುವುದು ಎಮ್ಮೆಯೊಂದೇ. ರ‍್ಯಾಪ್ ಹಾಡಿನ ಶೂಟಿಂಗ್ ಅಂತೆ.

ಹಾಡು ಬಿಡುಗಡೆಯಾಗುವ ಮೊದಲೇ ನಿಮಗೆ ಬಾಯಿಪಾಠ ಬರುತ್ತದೆ. ಮೊದಲು ‘ನಾ ಯಾರಂತ ಗೊತ್ತೇನಲೇ’, ಆಮೇಲೆ ಬೆನ್ನಿಗೆ ಚೂರಿ ಹಾಕಿದ ಗೆಳೆಯ, ನಡುವೆ ಕಣ್ಣೀರಿಗೆ ಅವ್ವ, ಕೊನೆಗೆ ಹುಲಿ. ಊರಿಗೊಂದು ಹುಲಿ, ಓಣಿಗೊಂದು ಹುಲಿ. ಕಲಘಟಗಿಯ ಕಾಡಿನಲ್ಲಿ ನಿಜಕ್ಕೂ ಇಷ್ಟು ಹುಲಿಗಳಿದ್ದಿದ್ದರೆ ಅರಣ್ಯ ಇಲಾಖೆ ನಮ್ಮನ್ನೆಲ್ಲ ಯಾವತ್ತೋ ಎಬ್ಬಿಸಿರುತ್ತಿತ್ತು. ಬೀಟು ಯೂಟ್ಯೂಬಿನ ಪುಕ್ಕಟೆ ಮಾಲು. ಅದೇ ಬೀಟಿನ ಮೇಲೆ ಬ್ರೆಜಿಲ್‌ನವನೊಬ್ಬ ತನ್ನೂರಿನ ಹುಲಿಯಾಗಿರುತ್ತಾನೆ.

ಬೆಂಗಳೂರನ್ನು ನೋಡಿ ಕೆಟ್ಟರು ಎನ್ನೋಣವೇ? 2012ರಲ್ಲಿ ಅಲ್ಲಿನ ರ‍್ಯಾಪರ್ ಬ್ರೋಧಾ ವಿ ‘ಆತ್ಮ ರಾಮ’ದಲ್ಲಿ ರಾಮಸ್ತುತಿಯನ್ನೂ ಇಂಗ್ಲಿಷ್ ರ‍್ಯಾಪನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಾಗ ಕಿವಿ ನಿಮಿರಿದ್ದು ಸುಳ್ಳಲ್ಲ. ಆಮೇಲೆ ಚಂದನ್ ಶೆಟ್ಟಿಯವರ ‘3 ಪೆಗ್’ ಹಿಟ್ ಆಯಿತು. ಅಲ್ಲಿಂದ ಬಂದವರೆಲ್ಲ ನಾಲ್ಕನೆಯದನ್ನು ಸುರಿಯುತ್ತಲೇ ಇದ್ದಾರೆ.

“ಈ ಭಾಗಕ್ಕ ರ‍್ಯಾಪ್ ತಂದವ್ರ ನಾವ್ರಿ ಕಾಕಾ” ಎನ್ನುತ್ತಾನೆ ನಮ್ಮ ಹುಲಿ. ಸಂತೋಷ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಗೆ ರೆಕಾರ್ಡು ತಿರುಗಿಸಿದ; ರ‍್ಯಾಪಿನ ಕಥೆ ಅಲ್ಲಿಂದ ಶುರು ಅಂತಾರೆ. ಅದಕ್ಕೂ ಎಷ್ಟೋ ಮೊದಲೇ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಹರದೇಶಿ, ನಾಗೇಶಿ ಮೇಳಗಳು ದಪ್ಪು, ತುಂತುಣಿ, ತಾಳ ಹಿಡಿದು ಬೆಳಗಾನ ಜಗಳಾಡುತ್ತಿದ್ದವು. ಗಂಡು ಹೆಚ್ಚೆಂದು ಹರದೇಶಿ, ಹೆಣ್ಣು ಹೆಚ್ಚೆಂದು ನಾಗೇಶಿ. ಸವಾಲು ಬಿದ್ದ ಜಾಗದಲ್ಲೇ ಜವಾಬು ಕಟ್ಟಬೇಕು. ಪುರಾಣ ಓದದೆ ನಿಂತವನ ಮಾನ ಅಲ್ಲೇ ಹರಾಜು. ನಿನ್ನೆ ಹಾಡಿದ್ದನ್ನೇ ಇವತ್ತು ಹಾಡಿದರೆ ಎದುರಿನವಳು ಮುಂದಿನ ನುಡಿಯಲ್ಲೇ ಚರ್ಮ ಸುಲಿಯುತ್ತಿದ್ದಳು. ಹೊಸ ಸಾಲು ಹುಟ್ಟುತ್ತಿದ್ದದ್ದು ಆ ಹೆದರಿಕೆಗೆ. ಪ್ರತಿಭೆ ಗಿತಿಭೆ ಎಲ್ಲ ಆಮೇಲಿನ ಮಾತು.

ನಮ್ಮ ಹುಲಿಗೆ ಎದುರಾಳಿ ಯಾರು? ‘ಹೊಟ್ಟೆಕಿಚ್ಚಿನ ಮಂದಿ’. ಅವರಿಗೆ ಹೆಸರಿಲ್ಲ, ಊರಿಲ್ಲ, ಮುಖ್ಯವಾಗಿ ಬಾಯಿಲ್ಲ. ನಲವತ್ತು ಜನ ನೋಡಿದ ಹಾಡಿಗೆ ಹೊಟ್ಟೆಕಿಚ್ಚು ಪಡುವಷ್ಟು ಪುರುಸೊತ್ತು ಯಾರಿಗಿದೆಯೋ! ಆ ನಲವತ್ತರಲ್ಲಿ ನಾಲ್ವರು ವಿಡಿಯೋದಲ್ಲೇ ಇದ್ದಾರೆ. ಬೆಂಕಿಯ ಚಿತ್ರ ಒತ್ತಿ ‘ಗುರು, ನೀನೇ ಕಿಂಗ್’ ಎಂದವರೂ ಅವರೇ.

ಇನ್‌ಕಮ್ ಟ್ಯಾಕ್ಸ್ ಬಂದಾಗ ಅದರ ಮೇಲೂ ಲಾವಣಿ ಕಟ್ಟಿದ ಸೀಮೆ ಇದು. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನೂ ಹಲಗಲಿ ಬೇಡರ ಲಾವಣಿಯನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದ. ಹಾಡಿದವರಿಗೆ ಥಾರ್ ಇರಲಿಲ್ಲ, ಕಣ್ಣು ಕಿವಿ ಇದ್ದವು. ಮಲಪ್ರಭೆಯ ನೀರಿಗೆ ಹೇರಿದ ಕರದ ವಿರುದ್ಧ 1980ರ ಜುಲೈನಲ್ಲಿ ನವಲಗುಂದದ ರೈತರು ಬೀದಿಗಿಳಿದು ಗುಂಡೇಟು ತಿಂದರು. ಮಹದಾಯಿ ನೀರು ಇನ್ನೂ ಭಾಷಣದಲ್ಲೇ ಹರಿಯುತ್ತಿದೆ. ಗೋವಿನಜೋಳದ ದರ ಬಿದ್ದಾಗ ಹುಲಿಯ ಅಪ್ಪನೇ ಎಪಿಎಂಸಿ ಮುಂದೆ ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಪ್ರಾಸಕ್ಕೆ ಇದಕ್ಕಿಂತ ಒಳ್ಳೆಯ ಕಚ್ಚಾ ಮಾಲು ಬೇಕೇ? ಮಗನ ಹಾಡಿನಲ್ಲಿ ಮಾತ್ರ ಲ್ಯಾಂಬೋರ್ಗಿನಿ ಬರುತ್ತದೆ. ಅದು ನಮ್ಮೂರ ರಸ್ತೆಯಲ್ಲಿ ಮೊದಲ ತಗ್ಗು ದಾಟಿ ತೋರಿಸಲಿ, ನಾನೇ ಹಾರ ಹಾಕುತ್ತೇನೆ.

ಅದಕ್ಕೇ ಒಂದು ಸಲಹೆ ಕೊಟ್ಟೆ. ಬಸವಣ್ಣನ ಗುಡಿಯ ಮುಂದೆ ಒಂದು ರಾತ್ರಿ ಇಬ್ಬರು ಹುಲಿಗಳನ್ನು ಎದುರುಬದುರು ನಿಲ್ಲಿಸೋಣ. ಆಟೋಟ್ಯೂನ್ ಇಲ್ಲ, ಕೈಗೊಂದು ದಪ್ಪು. ವಿಷಯ ಕೊಡುವವರು ಸ್ವಸಹಾಯ ಸಂಘದ ಹೆಂಗಸರು. ಸೋತವನು ಮುಂದಿನ ಜಾತ್ರೆತನಕ ಹುಲಿ ಎನ್ನಬಾರದು.

ಹುಡುಗ ಕನ್ನಡಕ ತೆಗೆದು ಗಂಭೀರವಾಗಿ ಯೋಚಿಸಿದ.

“ಬರ್ತೀನ್ರಿ ಕಾಕಾ. ಎದುರಿನವ ಏನ್ ಕೇಳ್ತಾನ ಅನ್ನೂದನ್ನ ಒಂದ್ ವಾರ ಮೊದ್ಲ ವಾಟ್ಸ್ಆ್ಯಪ್ ಮಾಡಿಸ್ತೀರೇನ್ರಿ?”