ಜಗುಲಿಯ ಮೇಲೆ ಬೆರಿಲಿಯಂ

ನಮ್ಮ ಬಸವನಗುಡಿಯಲ್ಲಿ ಮಧ್ಯಾಹ್ನ ಮೂರರ ಮೇಲೆ ಜಗುಲಿಯಲ್ಲಿ ಕೂತವನು ನಿವೃತ್ತನೆಂದೇ ಲೆಕ್ಕ. ಬೇರೆ ಪುರಾವೆ ಯಾರೂ ಕೇಳುವುದಿಲ್ಲ. ಅವನ ಹತ್ತಿರ ಒಂದು ಲ್ಯಾಪ್‌ಟಾಪೂ ಇದ್ದುಬಿಟ್ಟರೆ ಬೀದಿಯ ಮಕ್ಕಳೆಲ್ಲ ಅಲ್ಲಿಯೇ. ನನ್ನ ಮನೆಗೂ ಬರುತ್ತಾರೆ. ನನ್ನ ಪಾಂಡಿತ್ಯವನ್ನು ಅರಸಿ ಬಂದವರು ಮಾತ್ರ ಈವರೆಗೆ ಒಬ್ಬರೂ ಇಲ್ಲ.

ಸದ್ಯಕ್ಕೆ ಜಗುಲಿ ಹಿಡಿದಿರುವವರು ಒಂಬತ್ತನೇ ಕ್ಲಾಸಿನ ಮೊಮ್ಮಗಳು, ಅವಳ ಇಬ್ಬರು ಗೆಳತಿಯರು. ಪಾಠ: ಪರಮಾಣುವಿನ ರಚನೆ. ನಮ್ಮ ಕಾಲದಲ್ಲಿ ಈ ಪಾಠವೆಂದರೆ ಮೇಷ್ಟ್ರು ಹಲಗೆಯ ಮೇಲೆ ಬರೆದ ಉಂಗುರಗಳು, ಉಂಗುರದ ಮೇಲೆ ಚುಕ್ಕಿಗಳು. ಕೈವಾರದ ಮುಳ್ಳಿನಲ್ಲಿ ನೋಟ್‌ಬುಕ್ಕಿಗೆ ತೂತು ಮಾಡಿಕೊಳ್ಳುತ್ತ ಸೋಡಿಯಂ ಬರೆಯುತ್ತಿದ್ದೆವು: ಎರಡು, ಎಂಟು, ಒಂದು. ಎಂಟೇ ಯಾಕೆ ಸಾರ್ ಎಂದರೆ, 'ಅದು ಮುಂದಿನ ಕ್ಲಾಸಿಗೆ ಬರುತ್ತೆ, ಕೂತ್ಕೊ.' ಮುಂದಿನ ಕ್ಲಾಸಿನಲ್ಲಿ ಕೇಳಿದರೆ, 'ಹಿಂದಿನ ಕ್ಲಾಸಿನಲ್ಲಿ ಏನು ಕಲಿತೆಯೋ?' ಹೀಗೆ ಎಂಟರ ರಹಸ್ಯ ಎರಡು ಕ್ಲಾಸುಗಳ ನಡುವಿನ ಬಾಗಿಲಲ್ಲೇ ಉಳಿದುಹೋಯಿತು.

ಈಗಿನ ಮಕ್ಕಳಿಗೆ ಫೆಟ್ ಇದೆ, ವಿಜ್ಞಾನದ ಪಾಠವನ್ನು ಪರದೆಯ ಮೇಲೆ ಆಟವಾಗಿಸುವ ಜಾಲತಾಣ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಮರುವರ್ಷವೇ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು. ದುಡ್ಡಿಲ್ಲ, ಕಾಸಿಲ್ಲ. ನಮ್ಮ ಬಡಾವಣೆಯವರು ಮೊದಲು ವಿಚಾರಿಸುವುದು ಇದನ್ನೇ ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಅದರಲ್ಲಿ 'ಬಿಲ್ಡ್ ಆ್ಯನ್ ಆಟಮ್' ಎಂಬ ಆಟ ತೆರೆದರೆ ಕೆಳಗೆ ಮೂರು ಬಟ್ಟಲು: ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನು. ಒಂದೊಂದನ್ನೇ ಎಳೆದು ಮೇಲೆ ಹಾಕಬೇಕು. ಒಂದು ಪ್ರೋಟಾನಿಗೆ ಹೈಡ್ರೋಜನ್, ಎರಡಕ್ಕೆ ಹೀಲಿಯಂ. ಪ್ರೋಟಾನು ಹೆಚ್ಚಿದಂತೆ ಹೆಸರು ತಾನೇ ಬದಲಾಗುತ್ತ ನಿಯಾನ್‌ವರೆಗೆ ಹೋಗುತ್ತದೆ. ಎಲೆಕ್ಟ್ರಾನು ಕಮ್ಮಿಯಾದರೆ ಧನ ಅಯಾನು, ಜಾಸ್ತಿಯಾದರೆ ಋಣ. ಉರುಹೊಡೆಯುವ ಪ್ರಮೇಯವೇ ಇಲ್ಲ.

'ಸರೀರಮ್ಮಾ, ನಾನು ತೋರಿಸ್ತೀನಿ' ಎಂದು ಗತ್ತಿನಿಂದ ನಡುವೆ ತೂರಿಕೊಂಡೆ. ಲೀಥಿಯಂ ಮಾಡಬೇಕಿತ್ತು. ಟಚ್‌ಪ್ಯಾಡಿನ ಮೇಲೆ ಬೆರಳಿಟ್ಟು ಮೂರನೆಯ ಎಲೆಕ್ಟ್ರಾನನ್ನು ಅರ್ಧ ದಾರಿ ತಂದಿರಬೇಕು, ಕೈ ಜಾರಿತು. ಅದು ನೆಟ್ಟಗೆ ತನ್ನ ಬಟ್ಟಲಿಗೆ ವಾಪಸು. ಮತ್ತೆ ತಂದೆ, ಮತ್ತೆ ಹೋಯಿತು. ಕೊನೆಗೆ ಎಲೆಕ್ಟ್ರಾನಿನ ಬದಲು ಪ್ರೋಟಾನೇ ಕೈಗೆ ಸಿಕ್ಕಿ ಬೆರಿಲಿಯಂ ಆಗಿ ಕೂತಿತು. ಕೂತಿತು ಎನ್ನುವುದೂ ತಪ್ಪೇ, ನ್ಯೂಕ್ಲಿಯಸ್ಸು ಗಡಗಡ ನಡುಗತೊಡಗಿತು. 'ನೋಡಿ, ಅಸ್ಥಿರ ಪರಮಾಣು ಹೀಗೆ ನಡುಗುತ್ತೆ' ಎಂದು ಮಾನ ಉಳಿಸಿಕೊಳ್ಳಹೊರಟರೆ ಮೊಮ್ಮಗಳು, 'ತಾತ, ಅದಕ್ಕಿಂತ ನಿನ್ನ ಕೈಯೇ ಜಾಸ್ತಿ ನಡುಗ್ತಿದೆ' ಎಂದಳು. ಯಂತ್ರ ನನ್ನ ಕೈಬಿಟ್ಟು ಹೋಯಿತು.

ಅವರು ಮಾಡಿದ್ದೇ ಬೇರೆ. ನಾಲ್ಕು ಪ್ರೋಟಾನಿಗೆ ನಾಲ್ಕು ನ್ಯೂಟ್ರಾನು ಹಾಕಿದರು: ನಡುಕ. ಲೆಕ್ಕ ಸಮ ಇದೆಯಲ್ಲ, ಮತ್ತೇಕೆ ಎಂದು ತಲೆ ಕೆರೆದುಕೊಂಡರು. ಐದನೆಯ ನ್ಯೂಟ್ರಾನು ಬೀಳುತ್ತಲೇ ಥಟ್ಟನೆ ನಿಂತಿತು. ಪ್ರಕೃತಿಯಲ್ಲೂ ಹಾಗೆಯೇ. ನಾಲ್ಕು-ನಾಲ್ಕರ ಬೆರಿಲಿಯಂ-8 ಒಡೆದು ಎರಡು ಹೀಲಿಯಂ ಆಗಿಬಿಡುತ್ತದೆ. ಸೆಕೆಂಡನ್ನು ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೂ ಅದರ ಆಯಸ್ಸು ಅಷ್ಟಕ್ಕಿಂತ ಕಡಿಮೆ. ನಮ್ಮ ಮೇಷ್ಟ್ರ ಹಲಗೆಯ ಮೇಲೆ ಒಂದು ಪರಮಾಣುವೂ ಹೀಗೆ ನಡುಗಿರಲಿಲ್ಲ, ಅಲ್ಲಿ ನಡುಗುತ್ತಿದ್ದವರು ನಾವು.

ಮೂರು ಬಟ್ಟಲು ನೋಡುವಾಗ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಕಡೆ ಮನಸ್ಸು ಹೋಯಿತು. ಪರಿಷತ್ತಿಗೆ ದುಡಿದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಪತ್ರಿಕೆ ತಂದರು, ಕನ್ನಡದಲ್ಲಿ. ಚಾಡ್ವಿಕ್ ನ್ಯೂಟ್ರಾನನ್ನು ಕಂಡದ್ದು 1932ರಲ್ಲಿ. ಅಂದರೆ ಬೆಳ್ಳಾವೆಯವರು ಪತ್ರಿಕೆ ತಂದ ಕಾಲಕ್ಕೆ ಒಂದು ಬಟ್ಟಲು ಪೂರ್ತಿ ಖಾಲಿ! ಆದರೂ ಅವರು ಕಾಯಲಿಲ್ಲ.

ಇನ್ನು ನಮ್ಮ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು. ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟು ಮಾಡಿ ಬಂದವರು, ಬದುಕಿದ್ದು ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕೇಳದೆ ಯಾವುದನ್ನೂ ಒಪ್ಪಬಾರದೆಂದು ಈ ಊರಿಗೇ ಅಭ್ಯಾಸ ಮಾಡಿಸಿದ ಮನುಷ್ಯ. ಅವರಿದ್ದಿದ್ದರೆ ಈ ಪರದೆಯನ್ನೂ ಸುಮ್ಮನೆ ಬಿಡುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಏಕೆಂದರೆ ಪರದೆ ಒಂದು ವಿಷಯದಲ್ಲಿ ಸುಳ್ಳು ಹೇಳುತ್ತದೆ. ಕಕ್ಷೆಯ ಉಂಗುರ ಬೇಡವಾದರೆ ಎಲೆಕ್ಟ್ರಾನನ್ನು ಮೋಡದ ಹಾಗೆ ತೋರಿಸುವ ಗುಂಡಿ ಇದೆ, ಅಷ್ಟು ಪ್ರಾಮಾಣಿಕತೆ ಇದೆ. ಅಳತೆಯ ಬಗ್ಗೆ ಮಾತ್ರ ಏನೂ ಮಾಡಲಾಗದು. ಪರಮಾಣುವಿಗಿಂತ ನ್ಯೂಕ್ಲಿಯಸ್ಸು ಸುಮಾರು ಲಕ್ಷ ಪಟ್ಟು ಚಿಕ್ಕದು. ನಿಜದ ಅಳತೆಗೆ ಬರೆದರೆ ಕಾಣಿಸುವುದೇ ಇಲ್ಲ. ಗೆಳತಿಯರಲ್ಲೊಬ್ಬಳು 'ನ್ಯೂಕ್ಲಿಯಸ್ ಇಷ್ಟು ದಪ್ಪ ಇರುತ್ತಾ?' ಎಂದಾಗ ನನ್ನ ಕೆಲಸ ಕೊನೆಗೂ ಬಂತು. ಕಾರ್ತೀಕದ ಕಡೆಯ ಸೋಮವಾರ ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ದೊಡ್ಡ ಬಸವಣ್ಣನ ಮುಂದೆ ಒಂದು ಕಡಲೆಕಾಯಿ ಬೀಜ ಇಡಿ. ಅದು ನ್ಯೂಕ್ಲಿಯಸ್ಸಾದರೆ ಪರಮಾಣುವಿನ ಅಂಚು ಬ್ಯೂಗಲ್ ರಾಕ್ ದಾಟಿ ಸುತ್ತ ಅರ್ಧ ಕಿಲೋಮೀಟರು. ನಡುವೆ ಜನ ಇಲ್ಲ, ಅಂಗಡಿ ಇಲ್ಲ, ಬತ್ತಾಸಿಲ್ಲ. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಡಲೆಕಾಯಿ ಇದೆಯಾ ಎಂದು ಕೇಳಿದರು.

ಆದ್ದರಿಂದ ಮನೆಯಲ್ಲಿ ಒಂಬತ್ತನೇ ಕ್ಲಾಸಿನವರಿದ್ದರೆ ಫೆಟ್ ಇಳಿಸಿಕೊಡಿ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಕೈಕೊಟ್ಟರೂ ನಡೆಯುತ್ತದೆ. ಪಕ್ಕದಲ್ಲಿ ಕೂತಿರಿ, ಪರದೆಯಲ್ಲಿಲ್ಲದ್ದನ್ನು ಹೇಳಿ. ಟಚ್‌ಪ್ಯಾಡನ್ನು ಮಾತ್ರ ಮುಟ್ಟಬೇಡಿ.